ಗಳಿಗೆ, ಜಾವ, ಮುಹೂರ್ತ: ಪಂಚಾಂಗದ ದಿನಗಣನೆಯೂ ಗ್ರಂಥಾರ್ಥನಿರ್ಣಯವೂ

ನಮ್ಮ ಹಳೆಯ ಕಾವ್ಯಗಳಿಗೂ ಶಾಸನಗಳಿಗೂ ಟಿಪ್ಪಣಿ ಬರೆಯುವವರು ಕಾಲವಾಚಕವಾದ ಶಬ್ದ ಬಂದೆಡೆಯಲ್ಲಿ ಸಾಮಾನ್ಯವಾಗಿ ಒಂದು ಸಮೀಕರಣವನ್ನು ಕೊಟ್ಟು ಮುಂದೆ ಸಾಗುವರು. ಗಳಿಗೆಯೆಂದರೆ ೨೪ ನಿಮಿಷ, ಮುಹೂರ್ತವೆಂದರೆ ೪೮ ನಿಮಿಷ, ಜಾವವೆಂದರೆ ಮೂರು ಗಂಟೆ. ಇಷ್ಟರಿಂದ ಅರ್ಥವಾಯಿತೆಂದು ಅಧ್ಯಾಪಕನೂ ವಿದ್ಯಾರ್ಥಿಯೂ ತೃಪ್ತರಾಗುವರು. ಈ ಮೂರರಲ್ಲಿ ಮೊದಲನೆಯದೊಂದೇ ಎಲ್ಲ ಋತುವಿಗೂ ಎಲ್ಲ ದೇಶಕ್ಕೂ ನಿಲ್ಲತಕ್ಕ ಮಾತು. ಉಳಿದೆರಡು, ಧರ್ಮಶಾಸ್ತ್ರಕಾರರೂ ಊರ ಕಾವಲಿನವರೂ ಬಳಸಿದ ಅರ್ಥದಲ್ಲಿ, ಹಗಲಿರುಳುಗಳು ಸಮವಾಗಿರುವ ಎರಡು ದಿನಗಳ ಆಸುಪಾಸಿನಲ್ಲಿ ಮಾತ್ರ ನಿಜ. ಕಾವ್ಯದ ಅರ್ಥದಲ್ಲಿ ಇದರಿಂದ ಆಗುವ ಹಾನಿ ಅಲ್ಪವೆಂದು ತೋರಬಹುದು. ಶಾಸನದ ಕಾಲವನ್ನು ನಿರ್ಣಯಿಸುವಾಗ ಮಾತ್ರ ಹಾನಿ ಅಲ್ಪವಲ್ಲ. ವಾರಕ್ಕೂ ತಿಥಿಗೂ ಹೊಂದಿಕೆಯಿಲ್ಲವೆಂಬ ಒಂದೇ ಕಾರಣದಿಂದ ಸಾಚಾ ಶಾಸನವನ್ನು ಕೂಟಶಾಸನವೆಂದು ತಳ್ಳಿಬಿಡುವ ಅಪಾಯ ಇಲ್ಲಿಯೇ ಹುಟ್ಟುತ್ತದೆ. ಪಂಚಾಂಗವು ಒಂದು ದಿನದ ಒಳಗಣ ಕಾಲವನ್ನು ಗುರುತಿಸುವ ಕ್ರಮವೆಂತಹದು, ಅದನ್ನು ಓದುವುದರಲ್ಲಿ ಎಚ್ಚರ ಬೇಕಾದ ಸ್ಥಳಗಳಾವುವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ದಿನದ ಆರಂಭವನ್ನು ಗೊತ್ತುಮಾಡಿಕೊಳ್ಳಬೇಕು. ಸೂರ್ಯನ ಒಂದು ಉದಯದಿಂದ ಮರುದಿನದ ಉದಯದವರೆಗಿನ ಕಾಲಕ್ಕೆ ಸಾವನದಿನವೆಂದು ಹೆಸರು. ಪಂಚಾಂಗದ ವಾರವು ಈ ಉದಯದೊಡನೆ ಹುಟ್ಟಿ ಮರುಉದಯಕ್ಕೆ ಮುಗಿಯುತ್ತದೆ. ಗ್ರಹಗಣಿತಕಾರರಲ್ಲಿ ಉದಯವನ್ನು ಹಿಡಿದು ಲೆಕ್ಕವಿಟ್ಟ ಔದಯಿಕಪಕ್ಷವೂ ನಡುರಾತ್ರಿಯನ್ನು ಹಿಡಿದ ಆರ್ಧರಾತ್ರಿಕಪಕ್ಷವೂ ಇದ್ದವು; ಆರ್ಯಭಟನ ಹೆಸರಿನಲ್ಲಿಯೇ ಎರಡೂ ನಡೆದುಬಂದಿವೆ. ಆದರೆ ಅದು ಗ್ರಹಸ್ಥಾನವನ್ನು ಗಣಿಸುವವರ ಒಳಮಾತು. ವ್ರತಕ್ಕೆ, ದಾನಕ್ಕೆ, ಲೋಕವ್ಯವಹಾರಕ್ಕೆ ಉದಯವೇ ದಿನದ ಬಾಗಿಲು. ವಾರಗಳ ಅನುಕ್ರಮವೇ ಉದಯಕ್ಕೆ ಕಟ್ಟುಬಿದ್ದಿರುವುದನ್ನು ಇಲ್ಲಿ ನೆನೆಯಬಹುದು. ಅಹೋರಾತ್ರವನ್ನು ೨೪ ಹೋರೆಗಳಾಗಿ ವಿಭಾಗಿಸಿ, ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಒಂದೊಂದು ಹೋರೆಗೆ ಒಬ್ಬೊಬ್ಬ ಅಧಿಪತಿಯನ್ನು ಹೇಳುತ್ತ ಹೋದರೆ, ರವಿಯಿಂದ ಮೊದಲಾದ ದಿನದ ೨೫ನೆಯ ಹೋರೆ, ಎಂದರೆ ಮರುದಿನದ ಉದಯಕಾಲದ ಹೋರೆ, ಚಂದ್ರನಿಗೆ ಸಲ್ಲುತ್ತದೆ. ಭಾನುವಾರದ ಮೇಲೆ ಸೋಮವಾರ ಬರುವುದಕ್ಕೆ ಇದೇ ಕಾರಣ. ಹೋರಾ ಎಂಬ ಶಬ್ದವು ಯವನರಿಂದ ಬಂದುದು. ಅದರೊಡನೆ ಬಂದ ವಾರವು ನಮ್ಮ ಶಾಸನಗಳಲ್ಲಿ ತಡವಾಗಿ ನೆಲೆಗೊಂಡಿತು. ಕ್ರಿ. ಶ. ೪೮೪ಕ್ಕೆ ಸಲ್ಲುವ, ಬುಧಗುಪ್ತನ ಕಾಲದ ಏರಣದ ಸ್ತಂಭಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ನಮ್ಮ ನಾಡಿನ ಬಾದಾಮಿಯ ಗುಹೆಯಲ್ಲಿರುವ, ಮಂಗಲೇಶನ ಹೆಸರಿನ ಶಕ ೫೦೦ರ ಶಾಸನವು ಕಾರ್ತಿಕದ ಹುಣ್ಣಿಮೆಯನ್ನು ಹೇಳುವುದೇ ಹೊರತು ವಾರವನ್ನು ಹೇಳುವುದಿಲ್ಲ. ಶಕ ೫೫೬ರ ಐಹೊಳೆಯ ಶಾಸನದಲ್ಲಿಯೂ ವಾರವಿಲ್ಲ. ಮುಂದೆ ಬರುವ ಕಲ್ಯಾಣದ ಚಾಲುಕ್ಯರ, ಹೊಯ್ಸಳರ ಶಾಸನಗಳಲ್ಲಾದರೋ ವಾರ, ತಿಥಿ, ಸಂಕ್ರಾಂತಿ, ವ್ಯತೀಪಾತಗಳು ಒಟ್ಟೊಟ್ಟಾಗಿಯೇ ಬರುವುವು. ಪರೀಕ್ಷೆಗೆ ಸಾಧನವು ಹೆಚ್ಚಿದಂತೆ ತಪ್ಪುತಿಳಿವಿಗೆ ಅವಕಾಶವೂ ಹೆಚ್ಚಿತು.

ಉದಯಾರಂಭದ ಪರಿಣಾಮವನ್ನು ಈಚಿನ ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಕ್ರಿ. ಶ. ೨೦೧೮ನೆಯ ಇಸವಿಯ ಜುಲೈ ತಿಂಗಳಲ್ಲಿ ಒಂದು ಖಗ್ರಾಸ ಚಂದ್ರಗ್ರಹಣವಾಯಿತು. ಭಾರತದ ಗಡಿಯಾರದಂತೆ ಅದರ ಸ್ಪರ್ಶವು ೨೭ನೆಯ ತಾರೀಖು ಶುಕ್ರವಾರ ನಡುರಾತ್ರಿಗೆ ಆರು ನಿಮಿಷ ಮುಂಚೆ. ಗ್ರಹಣದ ಮಧ್ಯವು ೨೮ನೆಯ ತಾರೀಖು ಶನಿವಾರ ೧ ಗಂಟೆ ೫೨ ನಿಮಿಷದ ಸುಮಾರಿಗೆ. ಪಂಚಾಂಗಕ್ಕೆ ಇದೆಲ್ಲವೂ ಶಕ ೧೯೪೦ನೆಯ ವಿಳಂಬಿ ಸಂವತ್ಸರದ ಆಷಾಢ ಶುದ್ಧ ಹುಣ್ಣಿಮೆ, ಶುಕ್ರವಾರ. ಬೆಂಗಳೂರಿನ ಅಂದಿನ ಉದಯವು ೬ ಗಂಟೆ ೪ ನಿಮಿಷದ ಸುಮಾರು. ಅಲ್ಲಿಂದ ಎಣಿಸಿದರೆ ಗ್ರಹಣಮಧ್ಯವು ಸುಮಾರು ೪೯½ ಗಳಿಗೆಗೆ ಬೀಳುತ್ತದೆ. ಎಂಟುನೂರು ವರ್ಷಗಳ ಹಿಂದೆ ಇಂತಹ ರಾತ್ರಿಯೊಂದರಲ್ಲಿ ಭೂಮಿಯನ್ನು ಧಾರೆಯೆರೆದು ಕೊಟ್ಟ ಒಬ್ಬ ಮಹಾಮಂಡಳೇಶ್ವರನು ‘ಶುಕ್ರವಾರ’ವೆಂದು ಕಂಡರಿಸಿದರೆ, ಕೋಷ್ಟಕದಲ್ಲಿ ಶನಿವಾರವನ್ನು ಕಂಡ ನಾವು ಅವನನ್ನು ತಿದ್ದಬಾರದು. ಇಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಹುಣ್ಣಿಮೆಯ ತಿಥಿಯು ಮುಗಿಯುವುದು ಚಂದ್ರನು ಸೂರ್ಯನಿಗೆ ನೇರ ಎದುರಾದ ಕ್ಷಣದಲ್ಲಿ. ಗ್ರಹಣದ ಮಧ್ಯವೂ ಹೆಚ್ಚುಕಡಮೆ ಅದೇ ಕ್ಷಣ. ಆದುದರಿಂದ ಪ್ರತಿಯೊಂದು ಚಂದ್ರಗ್ರಹಣದ ಉತ್ತರಾರ್ಧವೂ ಗಣಿತದಂತೆ ಬಹುಳ ಪಾಡ್ಯಕ್ಕೆ ಸೇರುತ್ತದೆ. ಮೋಕ್ಷಕಾಲದಲ್ಲಿ ಸ್ನಾನಮಾಡಿ ದಾನಕೊಟ್ಟವನು ಪಾಡ್ಯದಲ್ಲಿ ಕೊಟ್ಟಂತಾಯಿತು. ಶಾಸನವು ಮಾತ್ರ ಹುಣ್ಣಿಮೆಯೆಂದೇ ಬರೆಯುತ್ತದೆ, ಬರೆಯಬೇಕಾದುದೂ ಹಾಗೆಯೇ.

ಇನ್ನು ಅಹೋರಾತ್ರದ ವಿಭಾಗ. ಗಣಿತಶಾಸ್ತ್ರದಲ್ಲಿ ಅಹೋರಾತ್ರಕ್ಕೆ ೬೦ ಗಳಿಗೆ, ಗಳಿಗೆಗೆ ೬೦ ವಿಗಳಿಗೆ, ವಿಗಳಿಗೆಗೆ ೬ ಪ್ರಾಣ. ಗಳಿಗೆಯನ್ನು ಘಟಿ, ನಾಡಿ, ನಾಡಿಕೆಯೆಂದೂ, ವಿಗಳಿಗೆಯನ್ನು ವಿನಾಡಿ, ಪಲ ಎಂದೂ, ಪ್ರಾಣವನ್ನು ಅಸುವೆಂದೂ ಕರೆಯುವುದುಂಟು. ಇಂದಿನ ಮಾನದಲ್ಲಿ ಗಳಿಗೆಯು ೨೪ ನಿಮಿಷ, ವಿಗಳಿಗೆಯು ೨೪ ಸೆಕೆಂಡು, ಪ್ರಾಣವು ೪ ಸೆಕೆಂಡು. ದಿನವೊಂದಕ್ಕೆ ೨೧,೬೦೦ ಪ್ರಾಣಗಳಾಗುತ್ತವೆ. ರಾಶಿಚಕ್ರದ ೩೬೦ ಭಾಗಗಳನ್ನು ಅರವತ್ತರಿಂದ ಗುಣಿಸಿದರೆ ಬರುವ ಕಲೆಗಳೂ ೨೧,೬೦೦. ಆಕಾಶವು ಒಂದು ಕಲೆಯಷ್ಟು ತಿರುಗುವಷ್ಟರಲ್ಲಿ ಮನುಷ್ಯನು ಒಂದು ಉಸಿರೆಳೆದು ಬಿಡುತ್ತಾನೆ ಎಂಬ ಈ ಹೊಂದಿಕೆಯು ಗಣಕರಿಗೂ ಯೋಗಿಗಳಿಗೂ ಸಮಾನವಾಗಿ ಪ್ರಿಯವಾಯಿತು. ಅಜಪಾಜಪದ ಎಣಿಕೆಯೂ ಇದೇ ಸಂಖ್ಯೆಯದು. ಸೂರ್ಯಸಿದ್ಧಾಂತವು ಈ ೬೦ ನಾಡಿಗಳನ್ನು ನಾಕ್ಷತ್ರದಿನಕ್ಕೆ ಹೇಳುತ್ತದೆಂಬುದನ್ನು ಮರೆಯಬಾರದು. ನಕ್ಷತ್ರಚಕ್ರದ ಒಂದು ಸುತ್ತಿಗಿಂತ ಸಾವನದಿನವು ಸುಮಾರು ೧೦ ವಿಗಳಿಗೆಯಷ್ಟು ದೀರ್ಘ. ಲೋಕವ್ಯವಹಾರದಲ್ಲಿ ಈ ಭೇದವನ್ನು ಬಿಟ್ಟು ಸಾವನದಿನವನ್ನೇ ಅರವತ್ತಾಗಿ ಭಾಗಿಸಿರುವುದರಿಂದ ನಾವೂ ಹಾಗೆಯೇ ಮಾಡಬಹುದು.

ಪ್ರಾಣದ ಪ್ರಮಾಣವನ್ನು ಶಾಸ್ತ್ರಕಾರರು ಹತ್ತು ಗುರ್ವಕ್ಷರಗಳ ಉಚ್ಚಾರಣಕಾಲವೆಂದು ಹೇಳಿರುವುದು ಸಾಹಿತ್ಯದವರಿಗೆ ವಿಶೇಷವಾಗಿ ರುಚಿಸತಕ್ಕ ಸಂಗತಿ. ಹಾಗಾದರೆ ಒಂದು ವಿಗಳಿಗೆಗೆ ೬೦ ಗುರುಗಳು, ಎಂದರೆ ೧೨೦ ಮಾತ್ರೆಗಳು. ನಮ್ಮ ಚಂಪೂಕವಿಗಳ ಮೆಚ್ಚಿನ ವೃತ್ತಗಳನ್ನು ಈ ತಕ್ಕಡಿಯಲ್ಲಿ ತೂಗಿನೋಡಬಹುದು. ಶಾರ್ದೂಲವಿಕ್ರೀಡಿತದ ಒಂದು ಪಾದವು ಮ, ಸ, ಜ, ಸ, ತ, ತ ಎಂಬ ಗಣಗಳೂ ಒಂದು ಗುರುವೂ ಸೇರಿ ೩೦ ಮಾತ್ರೆ. ಮತ್ತೇಭವಿಕ್ರೀಡಿತವು ಅದೇ ಪಾದದ ಮೊದಲ ಗುರುವನ್ನು ಎರಡು ಲಘುಗಳಾಗಿ ಒಡೆದದ್ದಾದುದರಿಂದ ಅದಕ್ಕೂ ೩೦ ಮಾತ್ರೆ. ನಾಲ್ಕು ಪಾದಕ್ಕೆ ೧೨೦. ಈ ಎರಡು ವೃತ್ತಗಳಲ್ಲಿ ಯಾವುದನ್ನಾದರೂ ನಿಲ್ಲದೆ ಒಮ್ಮೆ ಓದಿದರೆ ಶಾಸ್ತ್ರದ ಲೆಕ್ಕದಂತೆ ಒಂದು ವಿಗಳಿಗೆ ಕಳೆಯಿತು. ಅರವತ್ತು ಪದ್ಯಗಳನ್ನು ಓದಿದರೆ ಒಂದು ಗಳಿಗೆ. ವೃತ್ತವನ್ನು ಕಟ್ಟಿದವರು ಗಡಿಯಾರವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಇದರಿಂದ ಹೇಳಲಾಗದು. ಆದರೆ ಕಾಲಮಾನವನ್ನು ಅಕ್ಷರದಿಂದ ಅಳೆಯುವ ಅಭ್ಯಾಸವು ವಾಚನಪ್ರಧಾನವಾದ ನಾಡಿನಲ್ಲಿ ಎಷ್ಟು ಸಹಜವಾಗಿತ್ತೆಂಬುದು ಇದರಿಂದ ಮನಗಾಣುತ್ತದೆ.

ಅಕ್ಷರದ ಉಚ್ಚಾರಣೆಯು ಸಣ್ಣ ಕಾಲಕ್ಕೆ ಸಾಕು. ಇಡೀ ರಾತ್ರಿಯನ್ನು ಅಳೆಯುವುದಕ್ಕೆ ನೀರು ಬೇಕು. ಹಗಲಿನಲ್ಲಿ ಶಂಕುವಿನ ನೆರಳು ಒದಗುತ್ತಿತ್ತು. ಮೋಡ ಕವಿದ ದಿನಕ್ಕೂ ರಾತ್ರಿಗೂ ಜಲಯಂತ್ರವೊಂದೇ ಗತಿ. ಕ್ರಿ. ಶ. ೧೯೦೯ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಳಿಕೆಯ ಲಕ್ಷಣವಿದೆ: ನಾಲ್ಕು ಮಾಷದ ಬಂಗಾರವನ್ನು ನಾಲ್ಕಂಗುಲದ ಕಡ್ಡಿಯಾಗಿ ಎಳೆದರೆ ಅದರ ದಪ್ಪ ಎಷ್ಟೋ ಅಷ್ಟು ರಂಧ್ರವಿರುವ ಕೊಡದಿಂದ ಒಂದು ಆಢಕದಷ್ಟು ನೀರು ಸುರಿದುಹೋಗುವ ಕಾಲವೇ ನಾಳಿಕೆ. ಇದು ನೀರು ಹೊರಕ್ಕೆ ಹರಿಯುವ ಯಂತ್ರ. ಮುಂದಿನ ಸಿದ್ಧಾಂತಗ್ರಂಥಗಳಲ್ಲಿ ಕಾಣುವುದು ನೀರು ಒಳಕ್ಕೆ ಏರುವ ಯಂತ್ರ: ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ತಿಳಿನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗುತ್ತದೆ, ಅಹೋರಾತ್ರದಲ್ಲಿ ಅರವತ್ತು ಸಲ ಮುಳುಗುವ ಬಟ್ಟಲು ಸರಿಯಾದ ಬಟ್ಟಲು. ಸೂರ್ಯಸಿದ್ಧಾಂತವು ಇದನ್ನು ಕಪಾಲಯಂತ್ರವೆನ್ನುತ್ತದೆ. ಕೆಲವರು ಬಟ್ಟಲಿನ ತೂಕ, ಎತ್ತರ, ಅಗಲ, ರಂಧ್ರಮಾಡುವ ಸೂಜಿಯ ತೂಕ ಎಲ್ಲವನ್ನೂ ವಿಧಿಸಿದರು. ಕ್ರಿ. ಶ. ೧೧೫೦ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯನು ಈ ವಿಧಿಗಳಿಗೆ ಮಣಿಯಲಿಲ್ಲ. ಬಟ್ಟಲು ಯಾವ ಅಳತೆಯದಾದರೂ ಆಗಲಿ; ಅದು ಹಗಲಿರುಳಿನಲ್ಲಿ ಎಷ್ಟು ಸಲ ಮುಳುಗಿತೆಂದು ಎಣಿಸಿ, ಆ ಸಂಖ್ಯೆಯಿಂದ ಅಹೋರಾತ್ರವನ್ನು ಭಾಗಿಸಿದರೆ ಆ ಬಟ್ಟಲಿನ ಮಾನ ದೊರೆಯುವುದೆಂಬುದು ಅವನ ಮತ. ಯಂತ್ರವು ಕಾಲವನ್ನು ನಿಯಮಿಸುವುದಲ್ಲ, ಸೂರ್ಯನೇ ಯಂತ್ರವನ್ನು ನಿಯಮಿಸುವನು ಎಂಬ ಈ ವಿವೇಕವು ಪ್ರಶಂಸನೀಯ.

ಈ ಬಟ್ಟಲಿನ ಗುರುತು ನಮ್ಮ ಭಾಷೆಯಲ್ಲಿ ಅಳಿಯದೆ ಉಳಿದಿದೆ. ಘಟಿಕಾ ಎಂದರೆ ಚಿಕ್ಕ ಘಟ. ಅದರ ತದ್ಭವ ಗಳಿಗೆ. ಮದುವೆಯ ಲಗ್ನಕ್ಕಾಗಿ ಮನೆಗಳಲ್ಲಿ ಇಡುತ್ತಿದ್ದ ಗಳಿಗೆ ಬಟ್ಟಲು ಇದೇ. ಉತ್ತರ ಕರ್ಣಾಟಕದವರು ಗಂಟೆಗೆ ತಾಸು ಎನ್ನುವರು. ಅದು ಪಾರಸಿಯ ತಾಸ್, ಲೋಹದ ಬಟ್ಟಲು ಅಥವಾ ತಟ್ಟೆ. ಗಳಿಗೆ ತುಂಬಿದುದನ್ನು ಸಾರಲು ಬಾರಿಸುತ್ತಿದ್ದ ಲೋಹದ ತಟ್ಟೆಯ ಹೆಸರು ಕಾಲಕ್ಕೆ ಅಂಟಿತು. ಮೈಸೂರು ಸೀಮೆಯವರ ಗಂಟೆಯೂ ಬಾರಿಸುವ ವಸ್ತುವೇ. ಹೀಗೆ ಕನ್ನಡಿಗರು ಕಾಲವನ್ನು ಹೇಳುವ ಮೂರು ಮಾತುಗಳೂ ಕಂಚುಗಾರನ ಅಂಗಡಿಯಿಂದ ಬಂದವು. ಹದಿನಾರನೆಯ ಶತಮಾನದಲ್ಲಿ ಬಾಬರನು ತನ್ನ ಆತ್ಮಕಥೆಯಲ್ಲಿ ಹಿಂದೂಸ್ಥಾನದ ಊರುಗಳಲ್ಲಿ ಗಳಿಗೆ ಬಾರಿಸುವುದಕ್ಕಾಗಿಯೇ ನೇಮಕವಾದ ಜನರನ್ನೂ ಅವರ ತಟ್ಟೆಯನ್ನೂ ಬಟ್ಟಲನ್ನೂ ಆಸಕ್ತಿಯಿಂದ ವರ್ಣಿಸಿದ್ದಾನೆ. ಹಾಗೆಂದು ಘಟಿಕಾ ಶಬ್ದವು ಕಂಡಲ್ಲೆಲ್ಲ ನೀರಿನ ಬಟ್ಟಲನ್ನು ತರಬಾರದು. ತಾಳಗುಂದದ ಶಾಸನದಲ್ಲಿ ಮಯೂರಶರ್ಮನು ಕಂಚಿಯ ಘಟಿಕೆಗೆ ವಿದ್ಯಾರ್ಜನೆಗಾಗಿ ಹೋದನೆಂದಿದೆ. ಅದು ವಿದ್ಯಾಸ್ಥಾನ, ಹೆಸರಿನ ಸಾಮ್ಯದಿಂದ ಅಲ್ಲಿ ಗಡಿಯಾರವನ್ನು ಹುಡುಕುವುದು ವ್ಯರ್ಥ.

ಈಗ ವಿವಾದದ ಮರ್ಮಕ್ಕೆ ಬರೋಣ. ಗಳಿಗೆಯು ಸಮಮಾನ, ಜಾವವೂ ಹಗಲಿನ ಮುಹೂರ್ತವೂ ವಿಷಮಮಾನ. ಹಗಲು ಎಷ್ಟೇ ಇರಲಿ, ಅದರ ನಾಲ್ಕರಲ್ಲಿ ಒಂದು ಪಾಲು ಹಗಲಿನ ಜಾವ. ಇರುಳಿನ ನಾಲ್ಕರಲ್ಲಿ ಒಂದು ಪಾಲು ಇರುಳಿನ ಜಾವ. ಅಂತೆಯೇ ಹಗಲಿಗೆ ೧೫, ಇರುಳಿಗೆ ೧೫ ಮುಹೂರ್ತ. ಬೆಂಗಳೂರಿನ ಅಕ್ಷಾಂಶದಲ್ಲಿ ಪರಮಾವಧಿ ಹಗಲು ಸುಮಾರು ೩೨ ಗಳಿಗೆ, ಅತ್ಯಲ್ಪ ಹಗಲು ಸುಮಾರು ೨೮ ಗಳಿಗೆ. ಆದುದರಿಂದ ಹಗಲಿನ ಜಾವವು ಮಾರ್ಗಶಿರ ಪುಷ್ಯಗಳಲ್ಲಿ ೭ ಗಳಿಗೆಯೂ ಜ್ಯೇಷ್ಠ ಆಷಾಢಗಳಲ್ಲಿ ೮ ಗಳಿಗೆಯೂ ಆಗುತ್ತದೆ. ೨ ಗಂಟೆ ೪೮ ನಿಮಿಷದಿಂದ ೩ ಗಂಟೆ ೧೨ ನಿಮಿಷದವರೆಗೆ. ಮುಹೂರ್ತವು ಸುಮಾರು ೪೫ ನಿಮಿಷಕ್ಕೂ ೫೧ ನಿಮಿಷಕ್ಕೂ ನಡುವೆ ತೂಗುತ್ತದೆ. ನಮ್ಮ ನಾಡಿನಲ್ಲಿ ಈ ಏರಿಳಿತವು ಸಣ್ಣದಾದುದರಿಂದಲೇ ‘ಜಾವವೆಂದರೆ ಮೂರು ಗಂಟೆ’ ಎಂಬ ಮಾತು ಹೊಟ್ಟೆಗೆ ಚುಚ್ಚದೆ ನಡೆದುಬಂದಿದೆ. ಉತ್ತರದೇಶದಲ್ಲಿ ಹಾಗಲ್ಲ. ವೇದಾಂಗಜ್ಯೋತಿಷವು ಪರಮದಿನವನ್ನು ೧೮ ಮುಹೂರ್ತವೆಂದೂ ಅತ್ಯಲ್ಪದಿನವನ್ನು ೧೨ ಮುಹೂರ್ತವೆಂದೂ ಹೇಳಿ, ದಿನದಿನಕ್ಕೆ ಒಂದು ಪ್ರಸ್ಥ ನೀರಿನಷ್ಟು ಹೆಚ್ಚಳವನ್ನು ವಿಧಿಸುತ್ತದೆ. ಇಲ್ಲಿ ಮುಹೂರ್ತವು ಸಮಮಾನದ್ದು, ಎರಡು ಗಳಿಗೆಯದು. ಒಂದೇ ಶಬ್ದಕ್ಕೆ ಎರಡು ಮಾನಗಳಿದ್ದುದಕ್ಕೆ ಇದು ಸಾಕ್ಷಿ. ಅರ್ಥಶಾಸ್ತ್ರವೂ ಚೈತ್ರ ಆಶ್ವಯುಜಗಳಲ್ಲಿ ಹಗಲಿರುಳು ಹದಿನೈದು ಹದಿನೈದೆಂದು ಹೇಳಿ, ಅಲ್ಲಿಂದ ಮೂರು ಮುಹೂರ್ತದ ಏರಿಳಿತವನ್ನು ಹೇಳುತ್ತದೆ. ೩೬ ಗಳಿಗೆಯ ಹಗಲು ಸುಮಾರು ೩೫ ಅಂಶದ ಅಕ್ಷಾಂಶಕ್ಕೆ, ಕಾಶ್ಮೀರದ ಶ್ರೀನಗರದ ನೆರೆಹೊರೆಗೆ, ಸಲ್ಲುವ ಮಾತು. ತೆಂಕಣದವರು ಆ ಸೂತ್ರವನ್ನು ಗೌರವದಿಂದ ಪಠಿಸಿದರೂ ಪಂಚಾಂಗಕ್ಕೆ ತಮ್ಮ ಊರಿನ ಪಲಭೆಯನ್ನೇ ಹಿಡಿದು ಚರಸಂಸ್ಕಾರ ಮಾಡಿಕೊಂಡರು.

ಜಾವ ಎಂಬುದು ಯಾಮದ ತದ್ಭವ. ರಾತ್ರಿಗೆ ಯಾಮಿನಿಯೆಂಬ ಹೆಸರಿರುವಂತೆ ತ್ರಿಯಾಮೆಯೆಂಬ ಹೆಸರೂ ಉಂಟು. ನಾಲ್ಕು ಜಾವದ ರಾತ್ರಿ ಮೂರು ಜಾವದ್ದಾದುದು ಹೇಗೆಂದು ತರಗತಿಯಲ್ಲಿ ಪ್ರಶ್ನೆ ಏಳುವುದು ಸಹಜ. ಮೊದಲ ಜಾವದ ಪೂರ್ವಾರ್ಧವೂ ಕಡೆಯ ಜಾವದ ಉತ್ತರಾರ್ಧವೂ ಜನರ ಚಟುವಟಿಕೆಯಿಂದ ಹಗಲಿಗೆ ಸೇರಿದಂತಾಗುವುದರಿಂದ ಉಳಿದುದು ಮೂರೇ ಜಾವವೆಂದು ವ್ಯಾಖ್ಯಾನಕಾರರು ಸಮಾಧಾನ ಹೇಳಿದ್ದಾರೆ. ಇದು ಸರಿಯಾದ ಸಮಾಧಾನವೆಂದೇ ನಮ್ಮ ಅಭಿಪ್ರಾಯ. ಕನ್ನಡದಲ್ಲಿ ‘ಬೆಳಗಿನ ಜಾವ’ವೆಂದು ರಾತ್ರಿಯ ಕಡೆಯ ಜಾವವನ್ನು ಬೆಳಗಿಗೆ ಕೊಟ್ಟುಬಿಟ್ಟಿರುವುದು ಅದನ್ನು ಬೆಂಬಲಿಸುತ್ತದೆ.

ಹಗಲಿನ ಹದಿನೈದು ಮುಹೂರ್ತಗಳನ್ನು ಮೂರು ಮೂರಾಗಿ ಕಟ್ಟಿ ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನವೆಂದು ಐದು ಭಾಗ ಮಾಡುವುದು ಧರ್ಮಶಾಸ್ತ್ರದ ರೂಢಿ. ಎಂಟನೆಯ ಮುಹೂರ್ತವು ನಡುಹಗಲನ್ನು ತಬ್ಬಿಕೊಂಡಿರುತ್ತದೆ. ಶುಭಕಾರ್ಯಕ್ಕೆ ಅದು ಅಭಿಜಿತ್ತು, ಶ್ರಾದ್ಧಕ್ಕೆ ಅದೇ ಕುತಪ. ಸಂಗವವೆಂದರೆ ಹಾಲು ಕರೆಯಲು ಹಸುಗಳನ್ನು ಒಂದೆಡೆಗೆ ಸೇರಿಸುವ ಹೊತ್ತು. ಶಾಸ್ತ್ರದ ಈ ಶಬ್ದದ ಬೆನ್ನಿಗೆ ನಮ್ಮ ಗೋಧೂಳಿಯಂತೆಯೇ ಹಟ್ಟಿಯ ವಾಸನೆಯಿದೆ. ಕನ್ನಡದ ಸ್ವಂತ ಮಾತುಗಳಾದ ನಸುಕು, ಹೊತ್ತಾರೆ, ಇಳಿಹೊತ್ತು, ಬೈಗು, ಮುಸ್ಸಂಜೆ, ಸರಿಹೊತ್ತು ಇವು ಯಾವುದೂ ಬಟ್ಟಲಿನಿಂದ ಅಳೆದವಲ್ಲ. ಹೊತ್ತು ಎಂಬುದೇ ಹಳಗನ್ನಡದ ಪೊೞ್ತು; ಅದಕ್ಕೆ ಸೂರ್ಯನೆಂದೂ ಕಾಲವೆಂದೂ ಅರ್ಥ. ‘ಮಾರು ಹೊತ್ತೇರಿತು’ ಎನ್ನುವ ಒಕ್ಕಲಿಗನು ಕಾಲವನ್ನು ಹೇಳುತ್ತಿಲ್ಲ, ಸೂರ್ಯನ ಎತ್ತರವನ್ನು ಕೈಚಾಚಿ ಅಳೆಯುತ್ತಿದ್ದಾನೆ. ಇಂತಹ ಮಾತಿಗೆ ಗಂಟೆ ನಿಮಿಷಗಳ ಟಿಪ್ಪಣಿ ಬರೆಯುವುದು ಅರಸಿಕತೆ.

ವಿಷಮಮಾನವನ್ನು ಮರೆತುದರ ಫಲವು ಇಂದಿನ ಗೋಡೆಯ ಕ್ಯಾಲೆಂಡರುಗಳಲ್ಲಿಯೂ ಕಾಣುತ್ತದೆ. ರಾಹುಕಾಲವೆಂದರೆ ಹಗಲಿನ ಎಂಟನೆಯ ಒಂದು ಪಾಲು. ಉದಯವನ್ನು ೬ ಗಂಟೆಯೆಂದೂ ಹಗಲನ್ನು ೧೨ ಗಂಟೆಯೆಂದೂ ಇಟ್ಟುಕೊಂಡು ಸೋಮವಾರಕ್ಕೆ ಏಳೂವರೆಯಿಂದ ಒಂಬತ್ತು ಎಂದು ಒಮ್ಮೆ ಅಚ್ಚುಮಾಡಿದ ಅಂಕಿಯು ಹನ್ನೆರಡು ತಿಂಗಳಿಗೂ ಎಲ್ಲ ಊರಿಗೂ ನಡೆದುಹೋಗುತ್ತದೆ. ಬೆಂಗಳೂರಿನಲ್ಲಿ ಸೂರ್ಯೋದಯವೇ ವರ್ಷದಲ್ಲಿ ಎರಡು ಗಳಿಗೆಗೂ ಮಿಕ್ಕಿ ಹಿಂದುಮುಂದಾಗುವುದು. ರಾಹುಕಾಲದ ಉದ್ದವೂ ೮೪ ನಿಮಿಷದಿಂದ ೯೬ ನಿಮಿಷದವರೆಗೆ ಬದಲಾಗುವುದು. ರಾಹುಕಾಲವನ್ನು ನಂಬುವ ಬಿಡುವ ವಿಚಾರ ಬೇರೆ. ನಂಬುವವರಾದರೂ ಸರಿಯಾದುದನ್ನು ನಂಬಬೇಕಷ್ಟೆ.

ಸೂಕ್ಷ್ಮಮಾನಗಳ ಹೆಸರುಗಳಲ್ಲಿರುವ ಗೊಂದಲವು ಇದಕ್ಕಿಂತ ದೊಡ್ಡದು. ಅಮರಕೋಶದಂತೆ ೧೮ ನಿಮೇಷಕ್ಕೆ ಒಂದು ಕಾಷ್ಠೆ, ೩೦ ಕಾಷ್ಠೆಗೆ ಒಂದು ಕಲೆ, ೩೦ ಕಲೆಗೆ ಒಂದು ಕ್ಷಣ, ೧೨ ಕ್ಷಣಕ್ಕೆ ಒಂದು ಮುಹೂರ್ತ. ಮನುಸ್ಮೃತಿಯಲ್ಲಿ ಕ್ಷಣವೆಂಬ ಮೆಟ್ಟಿಲೇ ಇಲ್ಲ. ೩೦ ಕಲೆಗೆ ನೇರವಾಗಿ ಒಂದು ಮುಹೂರ್ತ. ಇದರಿಂದ ಮನುವಿನ ಕಲೆಯು ೯೬ ಸೆಕೆಂಡು, ಅಮರನ ಕಲೆಯು ೮ ಸೆಕೆಂಡು. ಮನುವಿನ ನಿಮೇಷವು ಒಂದು ಸೆಕೆಂಡಿನ ಆರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಕಣ್ಣೆವೆ ಇಕ್ಕುವ ನಿಜವಾದ ಕಾಲಕ್ಕೆ ಸಮೀಪ. ಅಮರನದು ಅದರ ಹನ್ನೆರಡನೆಯ ಒಂದು ಪಾಲು. ಅಮರನ ಕ್ಷಣವಾದರೋ ನಾಲ್ಕು ನಿಮಿಷದಷ್ಟು ದೀರ್ಘ. ಇಂದಿನ ಕನ್ನಡದಲ್ಲಿ ನಿಮಿಷವೆಂದರೆ ೬೦ ಸೆಕೆಂಡು, ಕ್ಷಣವೆಂದರೆ ಅದಕ್ಕಿಂತ ಎಷ್ಟೋ ಕಡಮೆ; ಅಮರನಲ್ಲಿ ದೊಡ್ಡದು ಚಿಕ್ಕದಾಯಿತು, ಚಿಕ್ಕದು ದೊಡ್ಡದಾಯಿತು. ಹಳೆಯ ಕಾವ್ಯದಲ್ಲಿ ನಿಮಿಷಮಾತ್ರದಲ್ಲಿ ವೀರನು ರಥವನ್ನೇರಿದನೆಂದು ಬಂದರೆ ವಿದ್ಯಾರ್ಥಿಯು ಗಡಿಯಾರದ ಮುಳ್ಳನ್ನು ನೆನೆದುಕೊಳ್ಳುವನು. ಕವಿಯು ನೆನೆದುದು ರೆಪ್ಪೆಯನ್ನು. ದೇವತೆಗಳಿಗೆ ಅನಿಮಿಷರೆಂಬ ಹೆಸರು ಬಂದುದು ಈ ರೆಪ್ಪೆಯಿಂದಲೇ.

ಜೈನಕವಿಗಳನ್ನು ಓದುವಾಗ ಇನ್ನೊಂದು ಕೋಷ್ಟಕವನ್ನು ಕೈಯಲ್ಲಿಟ್ಟುಕೊಳ್ಳಬೇಕು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಪರಿಭಾಷೆಯಲ್ಲಿ ಆಗಮಸಮ್ಮತವಾದ ಕ್ರಮವನ್ನು ಕೊಟ್ಟಿದ್ದಾನೆ. ೭ ಉಚ್ಛ್ವಾಸಕ್ಕೆ ಒಂದು ಸ್ತೋಕ, ೭ ಸ್ತೋಕಕ್ಕೆ ಒಂದು ಲವ, ೩೮½ ಲವಕ್ಕೆ ಒಂದು ಗಳಿಗೆ, ಎರಡು ಗಳಿಗೆಗೆ ಮುಹೂರ್ತ. ಮುಹೂರ್ತಕ್ಕೆ ೩,೭೭೩ ಉಚ್ಛ್ವಾಸವಾಯಿತು, ಅಹೋರಾತ್ರಕ್ಕೆ ೧,೧೩,೧೯೦. ಸಿದ್ಧಾಂತಿಗಳ ೨೧,೬೦೦ ಪ್ರಾಣಕ್ಕಿಂತ ಇದು ಐದು ಮಡಿಗೂ ಹೆಚ್ಚು. ಎರಡನ್ನೂ ‘ಉಸಿರು’ ಎಂದು ಅನುವಾದಿಸಿದರೆ ಒಂದು ಕಡೆ ಮನುಷ್ಯನು ನಿಮಿಷಕ್ಕೆ ಹದಿನೈದು ಸಲ ಉಸಿರಾಡುವನು, ಇನ್ನೊಂದು ಕಡೆ ಎಪ್ಪತ್ತೆಂಟು ಸಲಕ್ಕೂ ಮಿಗಿಲಾಗಿ. ಮೊದಲನೆಯದು ಆರೋಗ್ಯವಂತನ ಶ್ವಾಸಕ್ಕೆ ಒಪ್ಪುತ್ತದೆ; ಎರಡನೆಯದು ಒಪ್ಪುವುದು ನಾಡಿಯ ಬಡಿತಕ್ಕೆ. ಜೈನರ ಉಚ್ಛ್ವಾಸದ ಹಿಂದೆ ನಾಡಿಮಿಡಿತದ ಎಣಿಕೆಯಿದೆಯೆಂದು ಊಹಿಸುವುದು ಅಸಂಗತವಾಗಲಾರದು. ಗಳಿಗೆಯೂ ಮುಹೂರ್ತವೂ ಉಭಯರಿಗೂ ಸಮಾನ. ಅದರ ಕೆಳಗಿನ ಮೆಟ್ಟಿಲುಗಳು ಬೇರೆ ಬೇರೆ. ಕನ್ನಡದಲ್ಲಿಯೇ ಕ್ರಿ. ಶ. ೧೦೪೯ರಲ್ಲಿ ಶ್ರೀಧರಾಚಾರ್ಯನು ಜಾತಕತಿಲಕವನ್ನು ರಚಿಸುವ ಹೊತ್ತಿಗೆ ಈ ಪರಿಭಾಷೆಗಳೆಲ್ಲ ನಾಡಿನ ವಿದ್ವಾಂಸರಿಗೆ ಬಳಕೆಯಾಗಿದ್ದವು.

ತಿಥಿಗೂ ಗಳಿಗೆಗೂ ಇರುವ ಸಂಬಂಧವು ಶಾಸನಕಾರನಿಗೆ ಎಲ್ಲಕ್ಕಿಂತ ಮುಖ್ಯವಾದುದು. ಚಂದ್ರನು ಸೂರ್ಯನಿಂದ ೧೨ ಅಂಶ ದೂರ ಸರಿಯುವ ಕಾಲವೇ ತಿಥಿ. ಚಂದ್ರಗತಿಯು ಸಮವಲ್ಲದುದರಿಂದ ತಿಥಿಯೂ ಸಮವಲ್ಲ. ಹಳೆಯ ಗಣಿತದವರು ಅದರ ಅವಧಿಯನ್ನು ೫೪ ಗಳಿಗೆಯಿಂದ ೬೫ ಗಳಿಗೆಯವರೆಗೆ ಎಂದರು. ದೃಗ್ಗಣಿತದಂತೆ ಅದು ಸುಮಾರು ೫೦ರಿಂದ ೬೭ ಗಳಿಗೆಯವರೆಗೆ ಹರಡುತ್ತದೆ. ಪಂಚಾಂಗದಲ್ಲಿ ತಿಥಿಯ ಮುಂದೆ ಬರೆದಿರುವ ಅಂಕಿಯು ಉದಯದಿಂದ ಎಷ್ಟು ಗಳಿಗೆ ವಿಗಳಿಗೆಗೆ ಅದು ಮುಗಿಯುವುದೆಂಬುದನ್ನು ತಿಳಿಸುತ್ತದೆ. ‘ಪಂಚಮಿ ೧೦-೩೦’ ಎಂದಿದ್ದರೆ ಉದಯವಾದ ೪ ಗಂಟೆ ೧೨ ನಿಮಿಷಕ್ಕೆ ಪಂಚಮಿ ಮುಗಿದು ಷಷ್ಠಿ ಹಿಡಿಯಿತು. ಆದರೂ ಆ ಇಡೀ ದಿನಕ್ಕೆ ಪಂಚಮಿಯೆಂದೇ ಹೆಸರು, ಉದಯಕ್ಕೆ ಇದ್ದ ತಿಥಿಯೇ ದಿನದ ತಿಥಿಯಾದುದರಿಂದ. ಒಂದು ತಿಥಿಯು ಎರಡು ಉದಯಗಳನ್ನು ಕಂಡರೆ ಅದು ವೃದ್ಧಿ. ಒಂದು ಉದಯವನ್ನೂ ಕಾಣದೆ ನಡುವೆ ಹುಟ್ಟಿ ನಡುವೆಯೇ ಅಳಿದರೆ ಕ್ಷಯ.

ರಾಬರ್ಟ್ ಸಿವೆಲ್ಲನೂ ಶಂಕರ ಬಾಲಕೃಷ್ಣ ದೀಕ್ಷಿತನೂ ಕ್ರಿ. ಶ. ೧೮೯೬ರಲ್ಲಿ, ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ೧೯೨೨ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಈ ಉದಯತಿಥಿಯನ್ನು ಹಿಡಿದು ವಾರವನ್ನು ಕಂಡುಕೊಳ್ಳಲು ಬಹು ಸಹಾಯಕ. ಆದರೆ ದಾನಕೊಟ್ಟವನು ಯಾವಾಗಲೂ ಉದಯತಿಥಿಯನ್ನೇ ಬರೆಸಿದನೆಂದು ಭಾವಿಸಲಾಗದು. ಸಂಕ್ರಾಂತಿ, ವ್ಯತೀಪಾತ, ಗ್ರಹಣಗಳು ದಿನದ ಯಾವ ಗಳಿಗೆಯಲ್ಲಾದರೂ ಒದಗುವುವು. ಮೇಲೆ ಹೇಳಿದ ಪಂಚಮಿಯ ದಿನ ೨೦ ಗಳಿಗೆಗೆ ಸಂಕ್ರಾಂತಿಯಾಗಿ ಆಗ ದಾನ ನಡೆದಿದ್ದರೆ, ಲಿಪಿಕಾರನು ಪ್ರಚಲಿತವಾಗಿದ್ದ ಷಷ್ಠಿಯನ್ನು ಬರೆದಿರಬಹುದು. ವಾರ ಮಾತ್ರ ಪಂಚಮಿಯ ವಾರವೇ. ಕೋಷ್ಟಕದಲ್ಲಿ ಷಷ್ಠಿಗೆ ಮರುದಿನದ ವಾರವು ಸಿಕ್ಕಿದೊಡನೆ ಶಾಸನವು ಕೂಟವೆಂದು ನಿರ್ಣಯಿಸುವುದು ಅವಸರದ ನ್ಯಾಯ. ಸಂಕ್ರಾಂತಿಯು ರಾತ್ರಿಯಲ್ಲಿ ಆದರೆ ಪುಣ್ಯಕಾಲವು ಮರುದಿನಕ್ಕೆ ಹೋಗುವ ಪದ್ಧತಿಯೂ ಇದೆ. ಆಗ ತೊಡಕು ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಒಂದು ದಿನದ ವ್ಯತ್ಯಾಸ ಕಂಡಾಗ ಮೊದಲು ತಿಥಿಯ ಆದ್ಯಂತಗಳನ್ನು ಗಳಿಗೆಯವರೆಗೆ ಗುಣಿಸಿ ನೋಡಬೇಕು. ಎರಡು ದಿನದ ವ್ಯತ್ಯಾಸ ಕಂಡರೆ ಸಂಶಯಕ್ಕೆ ಎಡೆಯುಂಟು. ಆಗಲೂ ಲಿಪಿ, ಭಾಷೆ, ವಂಶಾವಳಿಗಳ ಸಾಕ್ಷ್ಯವನ್ನು ಕೇಳಿದ ಮೇಲೆಯೇ ತೀರ್ಪು. ವಾರದ ಹೆಸರನ್ನು ಓದುವಲ್ಲಿಯೂ ಎಚ್ಚರ ಬೇಕು: ಕನ್ನಡ ಶಾಸನಗಳಲ್ಲಿ ಬರುವ ವಡ್ಡವಾರವು ಶನಿವಾರವೆಂದು ವಿದ್ವಾಂಸರ ಮತ.

ಗಳಿಗೆಯ ಲೆಕ್ಕವು ಜನಜೀವನವನ್ನು ಇಂದಿಗೂ ಆಳುವ ಸ್ಥಳವೊಂದುಂಟು, ಅದು ಏಕಾದಶಿ. ರಾತ್ರಿಯ ಕಡೆಯ ಭಾಗವನ್ನು ಕೆಲವರು ೫೫ ಗಳಿಗೆಗೆ ಉಷಃಕಾಲ, ೫೭ಕ್ಕೆ ಅರುಣೋದಯ, ೫೮ಕ್ಕೆ ಪ್ರಾತಃಕಾಲವೆಂದು ವಿಭಾಗಿಸುವರು. ವ್ರತನಿರ್ಣಯದಲ್ಲಿ ವೈಷ್ಣವರು ಅರುಣೋದಯವನ್ನು ಉದಯಕ್ಕೆ ನಾಲ್ಕು ಗಳಿಗೆ ಮುಂಚೆ, ಎಂದರೆ ೫೬ ಗಳಿಗೆಗೆ, ಹಿಡಿಯುವರು. ಆ ಹೊತ್ತಿನಲ್ಲಿ ದಶಮಿಯು ಇನ್ನೂ ಉಳಿದಿದ್ದರೆ ಏಕಾದಶಿಯು ವಿದ್ಧವಾಯಿತೆಂದು ಮಾಧ್ವರು ಅಂದು ಉಣ್ಣುವರು, ಮರುದಿನ ಉಪವಾಸವಿರುವರು. ಸ್ಮಾರ್ತರಿಗೆ ಉದಯದಲ್ಲಿ ವೇಧವಿಲ್ಲದಿದ್ದರೆ ಸಾಕು. ಒಂದೇ ಬೀದಿಯಲ್ಲಿ ಒಂದು ಮನೆಯ ಒಲೆ ಉರಿಯುತ್ತಿರುವಾಗ ಪಕ್ಕದ ಮನೆಯದು ಆರಿರುವುದಕ್ಕೆ ಕಾರಣ ಈ ನಾಲ್ಕು ಗಳಿಗೆ. ದಶಮಿಯು ೫೫ ಗಳಿಗೆ ೫೯ ವಿಗಳಿಗೆಗೆ ಮುಗಿಯುವುದೋ ೫೬ ಗಳಿಗೆ ೧ ವಿಗಳಿಗೆಗೆ ಮುಗಿಯುವುದೋ ಎಂಬ ೪೮ ಸೆಕೆಂಡಿನ ಪ್ರಶ್ನೆಯು ಇಡೀ ಸಮುದಾಯದ ಉಪವಾಸವನ್ನು ಒಂದು ದಿನ ಮುಂದೂಡಬಲ್ಲುದು. ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ತಿಥ್ಯಂತದಲ್ಲಿ ಹಲವು ಗಳಿಗೆಗಳ ಭೇದ ಬೀಳುವುದುಂಟಾದುದರಿಂದ ಈ ಪಕ್ಷಗಳ ವಾದವು ಕೇವಲ ಪಂಡಿತರ ಹಟವಲ್ಲ.

ಅಚ್ಚಿನ ಪಂಚಾಂಗವನ್ನು ಉಪಯೋಗಿಸುವವರಿಗೆ ದೇಶಾಂತರದ ಎಚ್ಚರವೊಂದು ಉಳಿಯಿತು. ಸಿದ್ಧಾಂತಗಳ ಮೂಲರೇಖೆಯು ಲಂಕೆಯಿಂದ ಉಜ್ಜಯಿನಿಯ ಮೇಲೆ ಹಾದುಹೋಗುವುದು; ಅಲ್ಲಿಂದ ಪೂರ್ವಕ್ಕೂ ಪಶ್ಚಿಮಕ್ಕೂ ಊರೂರಿನ ದೇಶಾಂತರವನ್ನು ಸೇರಿಸಿ ಕಳೆದು ಗಣಕನು ತನ್ನ ಊರಿನ ಉದಯವನ್ನು ಪಡೆಯುತ್ತಿದ್ದನು. ಕ್ರಿ. ಶ. ೧೯೦೬ರಿಂದ ಭಾರತಕ್ಕೆ ೮೨½ ಅಂಶದ ರೇಖಾಂಶದ ಏಕಕಾಲವು ಬಂದಿತು. ಬೆಂಗಳೂರು ಆ ರೇಖೆಗೆ ಪಶ್ಚಿಮದಲ್ಲಿರುವುದರಿಂದ ಅದರ ಸ್ವಂತ ಮಧ್ಯಮಕಾಲವು ಗಡಿಯಾರಕ್ಕಿಂತ ಸುಮಾರು ೧೯ ನಿಮಿಷ ೪೦ ಸೆಕೆಂಡು, ಎಂದರೆ ೪೯ ವಿಗಳಿಗೆ, ಹಿಂದೆ. ಮೇಘನಾದ ಸಾಹಾರವರ ಅಧ್ಯಕ್ಷತೆಯಲ್ಲಿ ೧೯೫೨ರಲ್ಲಿ ನೇಮಕವಾದ ಪಂಚಾಂಗಸುಧಾರಣಾ ಸಮಿತಿಯ ಸಲಹೆಯಂತೆ ೧೯೫೭ರ ಮಾರ್ಚ್ ೨೨ರಿಂದ ನಡೆಯಿಸಿದ ರಾಷ್ಟ್ರೀಯ ಪಂಚಾಂಗವು ತನ್ನ ಗಣಿತಕ್ಕೆ ಅದೇ ೮೨½ ಅಂಶದ ರೇಖೆಯನ್ನೂ ೨೩ ಅಂಶ ೧೧ ಕಲೆಯ ಉತ್ತರ ಅಕ್ಷಾಂಶವನ್ನೂ ಹಿಡಿದಿದೆ. ತಿಥ್ಯಂತವನ್ನು ಗಂಟೆ ನಿಮಿಷಗಳಲ್ಲಿ ಕೊಟ್ಟಿರುವ ಪಂಚಾಂಗವನ್ನು ಯಾವ ಊರಿನವನೂ ಹಾಗೆಯೇ ಬಳಸಬಹುದು, ಏಕೆಂದರೆ ಚಂದ್ರಸೂರ್ಯರ ಅಂತರವು ಎಲ್ಲ ಊರಿಗೂ ಒಂದೇ ಕ್ಷಣದಲ್ಲಿ ೧೨ ಅಂಶವಾಗುವುದು. ಗಳಿಗೆಗಳಲ್ಲಿ ಕೊಟ್ಟಿರುವ ಪಂಚಾಂಗವನ್ನು ಹಾಗೆ ಬಳಸಲಾಗದು. ಗಳಿಗೆಯು ಆಯಾ ಊರಿನ ಉದಯದಿಂದ ಹುಟ್ಟುವುದು. ಧಾರವಾಡದ ಪಂಚಾಂಗದ ಗಳಿಗೆಯನ್ನು ಮದರಾಸಿನಲ್ಲಿ ಕುಳಿತು ಓದುವವನು ಮೊದಲು ಎರಡು ಊರುಗಳ ಅಂದಿನ ಉದಯಗಳ ಅಂತರವನ್ನು ಕಂಡುಕೊಂಡು, ಮೂಡಣ ಊರಿನಲ್ಲಿ ಸೂರ್ಯನು ಎಷ್ಟು ಮುಂಚೆ ಹುಟ್ಟುವನೋ ಅಷ್ಟನ್ನು ಕೂಡಿಸಿಕೊಳ್ಳಬೇಕು.